ಹವ್ಯಾಸವಿಲ್ಲದವಳ ಬೆಂಚು

ಕೆಲವರು ಕೋಟೆ ಕಟ್ಟಿ ಹೆಸರು ಮಾಡುತ್ತಾರೆ, ಕೆಲವರು ಕಟ್ಟಿದ ಕೋಟೆ ಕೆಡವಿ. ಇಸ್ತ್ರಿಯಕ್ಕ ಹೆಸರು ಮಾಡಿದ್ದು ಕೂತು. ಸುಮ್ಮನೆ, ಒಂದು ಮರದ ಬೆಂಚಿನ ಮೇಲೆ, ಸಂಜೆ ಕೆಲಸದಿಂದ ಬಂದ ಮೇಲೆ ಊಟಕ್ಕೆ ಕರೆಯುವ ತನಕ. ಸಂಗತಿ ಇಷ್ಟೇ. ಆದರೆ ಐದು ಮಹಡಿಯ ಆ ಹಳೆಯ ಕಟ್ಟಡದಲ್ಲಿ ಯಾವ ಸಂಗತಿಯೂ 'ಇಷ್ಟೇ' ಆಗಿ ಉಳಿಯುವುದಿಲ್ಲ. ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಮೈ ತುಂಬಿಕೊಳ್ಳುತ್ತದೆ.

ಒಮ್ಮೆ ತಾರಸಿಯ ನೀರಿನ ತೊಟ್ಟಿ ಒಡೆದು ನೀರೆಲ್ಲ ಮೆಟ್ಟಿಲಿಳಿದು ಅವಳ ಬೆಂಚಿರುವ ಕೆಳಗಿನ ಹಜಾರಕ್ಕೆ ನುಗ್ಗಿತು. ಜನ ಮಕ್ಕಳನ್ನೂ ಚಪ್ಪಲಿಗಳನ್ನೂ ಎತ್ತಿಕೊಂಡು ಓಡಿದರು. ಇಸ್ತ್ರಿಯಕ್ಕ ಕಾಲು ಮಡಚಿ ಬೆಂಚಿನ ಮೇಲಿಟ್ಟುಕೊಂಡಳು. "ಏಳಮ್ಮಾ, ನೀರು ಬರ್ತಿದೆ" ಎಂದವರಿಗೆ, "ಬಂದ ನೀರಿಗೆ ಹೋಗೋ ದಾರಿನೂ ಗೊತ್ತಿರುತ್ತೆ" ಎಂದಳು. ನೀರು ಹೋಯಿತು. ಈ ಕಥೆಯನ್ನು ಮೊದಲ ಮಹಡಿಯವರು ಹೇಳುವಾಗ ನೀರು ಪಾದ ಮುಳುಗುವಷ್ಟಿರುತ್ತದೆ. ಮೂರನೆಯ ಮಹಡಿಗೆ ಬರುವ ಹೊತ್ತಿಗೆ ಮೊಣಕಾಲು ಮುಟ್ಟುತ್ತದೆ. ಐದನೆಯ ಮಹಡಿಯಲ್ಲಿ ಬೆಂಚು ತೇಲುತ್ತಾ ಬಾಗಿಲ ತನಕ ಹೋಗಿ, ಅವಳು ಕಣ್ಣು ಬಿಟ್ಟು ನೋಡಿದ್ದಕ್ಕೆ ಹೆದರಿ ವಾಪಸು ಬಂದಿದೆ.

ಇನ್ನೊಮ್ಮೆ ಮುಸ್ಸಂಜೆಯಲ್ಲಿ ಒಬ್ಬ ಕಳ್ಳ ಬಂದನಂತೆ. ಕೈಯಲ್ಲಿ ಖಾಲಿ ಚೀಲ, ಕಾಲಲ್ಲಿ ಸದ್ದಾಗದ ಬೂಟು. ಬೆಂಚಿನ ಮೇಲೆ ಕೂತು ಏನೂ ಮಾಡದೆ ತನ್ನನ್ನೇ ನೋಡುತ್ತಿದ್ದ ಹೆಂಗಸನ್ನು ಕಂಡು, ಹೆಣೆಯುತ್ತಿದ್ದರೆ, ಓದುತ್ತಿದ್ದರೆ, ಕಡೇಪಕ್ಷ ತೂಕಡಿಸುತ್ತಿದ್ದರೆ ಹೇಗೋ ದಾಟಿಕೊಂಡು ಹೋಗಬಹುದಿತ್ತು, ಇವಳು ಏನೂ ಮಾಡುತ್ತಿಲ್ಲವಲ್ಲ ಎಂದು ಕಂಗಾಲಾಗಿ, "ಕ್ಷಮಿಸಿ, ಬೀದಿ ತಪ್ಪಿ ಬಂದೆ" ಎಂದು ಹೋದನಂತೆ. ಕೂರಲು ಕಲಿಯುವ ಕೂಸುಗಳನ್ನು ಅವಳ ಪಕ್ಕ ಇಟ್ಟರೆ ಬೇಗ ಬೆನ್ನು ನಿಲ್ಲುತ್ತದೆ ಎಂಬ ನಂಬಿಕೆಯೂ ಇತ್ತು. ಒಂದೆರಡು ಕೂಸುಗಳಿಗೆ ನಿಂತಿದ್ದೂ ಉಂಟು. ಬೀಳುವ ಕೂಸುಗಳ ಲೆಕ್ಕವನ್ನು ಯಾವ ಪವಾಡದಲ್ಲೂ ಯಾರೂ ಇಡುವುದಿಲ್ಲ.

ಇಷ್ಟಕ್ಕೂ ಇಸ್ತ್ರಿಯಕ್ಕ ಯಾರು? ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಕೋಣೆಯವಳು. ಹಾಸಿಗೆಯ ಹೊದಿಕೆಗಳು ಎರಡು ಬಿಸಿ ಉರುಳೆಗಳ ನಡುವೆ ನುಸುಳಿ ತಾವಾಗಿಯೇ ಚಪ್ಪಟೆಯಾಗಿ ಬರುತ್ತವೆ. ಆದರೆ ಡಾಕ್ಟರುಗಳ ಕೋಟು, ನರ್ಸುಗಳ ಟೋಪಿ, ಮಕ್ಕಳ ವಾರ್ಡಿನ ಸಣ್ಣ ಸಣ್ಣ ಅಂಗಿಗಳು ಯಂತ್ರಕ್ಕೆ ಬಗ್ಗುವುದಿಲ್ಲ. ಅವೆಲ್ಲ ಅವಳ ಮೇಜಿಗೆ ಬರುತ್ತವೆ. ಐವತ್ತು ದಾಟಿದ ಹೆಂಗಸು, ಬಲ ತೋಳು ಎಡ ತೋಳಿಗಿಂತ ದಪ್ಪ, ಬೆರಳ ತುದಿಗಳಿಗೆ ಬಿಸಿ ಎಂಬುದು ಎಂದೋ ಮರೆತುಹೋಗಿದೆ. ಮೂರನೆಯ ಮಹಡಿಯಲ್ಲಿ ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ ವಾಸ. ತಮ್ಮ ಮನೆಮನೆಗೆ ಹೋಗಿ ಕರೆಂಟು ಮೀಟರು ಓದುವವನು. ತಮ್ಮನ ಹೆಂಡತಿ ಕೇಕು ಮಾಡುವವಳು, ಮಾರುವುದಕ್ಕಲ್ಲ, ಮಾಡುವುದಕ್ಕೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇಸ್ತ್ರಿಯಕ್ಕ ಊಟ ಬಲ್ಲವಳು. ಮಾತಿನ ವಿಷಯದಲ್ಲಿ ಆ ಗಾದೆ ಅವಳ ಮನೆಯ ಬಾಗಿಲು ತಟ್ಟಿ, ಒಳಗಿನ ದನಿ ಕೇಳಿ ಹಿಂದಿರುಗಿತ್ತು. ಆಹಾರದ ಬಗ್ಗೆ ಅವಳ ಅಭಿಪ್ರಾಯ ಚಿಕ್ಕದು: ಬಿಸಿ ಇರಬೇಕು, ಉಪ್ಪಿರಬೇಕು, ಹೊತ್ತಿಗೆ ಸರಿಯಾಗಿರಬೇಕು. ಹೆಸರು ಉದ್ದವಾದಷ್ಟೂ ರುಚಿ ಗಿಡ್ಡವಾಗುತ್ತದೆ. ಬೇಯಿಸಿದ ಆಲೂಗಡ್ಡೆಗೆ ಆಲೂಗಡ್ಡೆ ಎಂಬ ಹೆಸರೇ ಸಾಕು, ಅದಕ್ಕೆ ಬಿರುದು ಬೇಡ.

ತಮ್ಮನ ಹೆಂಡತಿ ಒಮ್ಮೆ ಮೀನಿನ ಆಕಾರದ ಕೇಕು ಮಾಡಿ, ಬಾದಾಮಿಯ ಹುರುಪೆ ಅಂಟಿಸಿ, ದ್ರಾಕ್ಷಿಯ ಕಣ್ಣಿಟ್ಟು ಮೇಜಿನ ಮೇಲೆ ತಂದಿಟ್ಟಳು.

"ಹೇಗಿದೆ ಅತ್ತಿಗೆ?"

"ನನ್ನೇ ನೋಡ್ತಿದೆ."

"ಕೇಕು ಅದು. ತಿನ್ನಿ."

"ಮೀನು ಬೇಕಾದೋರು ಮೀನು ತಿಂತಾರೆ. ಕೇಕು ತಿನ್ನೋರಿಗೆ ಅದು ಕಣ್ಣು ಬಿಟ್ಕೊಂಡು ನೋಡ್ಬೇಕಾ? ಆ ಕಣ್ಣು ನೀನು ತಿಂದುಬಿಡು, ಆಮೇಲೆ ನನಗೆ ಕೊಡು."

ತಮ್ಮನ ಹೆಂಡತಿ ಆ ವಾರವೆಲ್ಲ ಅತ್ತಿಗೆಯ ಜೊತೆ ಪಾತ್ರೆಗಳ ಮೂಲಕ ಮಾತ್ರ ಮಾತಾಡಿದಳು.

ಪ್ರಪಂಚದ ರಾಜಕೀಯ ಬೆಂಚಿನ ಇನ್ನೊಂದು ತುದಿಯಲ್ಲಿ ನಡೆಯುತ್ತಿತ್ತು. ಅಲ್ಲಿ ಕೂರುತ್ತಿದ್ದವರು ನಿವೃತ್ತ ಭೂಗೋಳದ ಮೇಷ್ಟ್ರು. ಒಂಟಿ ಮನುಷ್ಯ. ಪೇಪರನ್ನು ಮನೆಯಲ್ಲಿ ಓದಿದರೆ ಜಗತ್ತು ಕೇಳಿಸಿಕೊಳ್ಳುವುದಿಲ್ಲ ಎಂದು ಕೆಳಗಿಳಿದು ಬಂದು ಗಟ್ಟಿಯಾಗಿ ಓದುತ್ತಿದ್ದರು.

"ಏನಮ್ಮಾ, ಕೊನೆಗೂ ಎರಡು ದೇಶದವರು ಕೈ ಕುಲುಕಿದಾರೆ. ಗಡಿ ಜಗಳ ಮುಗೀತಂತೆ."

"ಫೋಟೋ ಈ ಕಡೆ ಹಿಡೀರಿ ಮೇಷ್ಟ್ರೇ." ಅವಳು ಕತ್ತು ಚಾಚಿ ನೋಡಿದಳು. "ಮುಗಿದಿಲ್ಲ."

"ದೊಡ್ಡಕ್ಷರದಲ್ಲಿ ಹಾಕಿದಾರಲ್ಲಮ್ಮ ಮುಗೀತು ಅಂತ."

"ಹಗಲೂ ರಾತ್ರಿ ಕೂತು ಮಾತಾಡಿದ್ರು ಅಂತ ನೀವೇ ಓದಿದ್ರಿ. ಮೊಣಕೈ ಸಂದಿಯಲ್ಲಿ ಒಂದು ಸುಕ್ಕಿಲ್ಲ ನೋಡಿ. ಕೂತು ಮಾತಾಡಿದ ಕೋಟು ಹೀಗಿರಲ್ಲ. ಇದು ಫೋಟೋಗೆ ಅಂತ ಹಾಕ್ಕೊಂಡ ಕೋಟು."

"ಬದಲಾಯಿಸಿಕೊಂಡು ಬಂದಿರಬಹುದಪ್ಪ."

"ನಿಜವಾಗ್ಲೂ ಜಗಳ ಮುಗಿದಿದ್ರೆ ಬಟ್ಟೆ ಬದಲಾಯಿಸೋ ಪುರುಸೊತ್ತು ಯಾರಿಗಿರ್ತಿತ್ತು? ಇಬ್ಬರೂ ಊಟಕ್ಕೆ ಓಡ್ತಿದ್ರು."

ಹೀಗೆ ಅವಳು ಕಾಲರು ನೋಡಿ ಸರ್ಕಾರಗಳನ್ನು ಬೀಳಿಸಿದಳು, ತೋಳಿನ ಗುಂಡಿ ನೋಡಿ ಸೇನೆಗಳನ್ನು ಹಿಂದಕ್ಕೆ ಕರೆಸಿದಳು. ಭವಿಷ್ಯ ಅರ್ಧಕ್ಕರ್ಧ ಸುಳ್ಳಾಗುತ್ತಿತ್ತು. ಬೀಳಬೇಕಾದ ಸರ್ಕಾರ ಮತ್ತೆ ಗೆದ್ದು ಬಂದ ದಿನ ಮೇಷ್ಟ್ರು ಪೇಪರನ್ನು ಧ್ವಜದಂತೆ ಹಿಡಿದುಕೊಂಡು ಬಂದರೆ, "ಆತುರ ಯಾಕೆ ಮೇಷ್ಟ್ರೇ, ಇನ್ನೂ ತೊಳೆದಿಲ್ಲ ಅದನ್ನ" ಎಂದು ಅವಳು ಆ ದೇಶವನ್ನು ಮುಂದಿನ ವಾರಕ್ಕೆ ತಳ್ಳುತ್ತಿದ್ದಳು. ಸೋಲು ಎಂಬುದು ಅವಳ ಬೆಂಚಿನ ಮೇಲೆ ಕೂರಲು ಜಾಗ ಸಿಗದೆ ನಿಂತು ನಿಂತು ಹೋಗುತ್ತಿತ್ತು.

ಇನ್ನು ಹವ್ಯಾಸದ ಮಾತು. ಅದರ ಬಗ್ಗೆ ಅವಳದು ಒಂದೇ ವಾಕ್ಯ: "ಹವ್ಯಾಸ ಅಂದ್ರೆ ಸಂಬಳ ಇಲ್ಲದ ಇನ್ನೊಂದು ಕೆಲಸ." ಈ ವಾಕ್ಯವನ್ನು ಅವಳು ಕಟ್ಟಡದ ಕಾರ್ಯದರ್ಶಿಯ ಎದುರು ಹೇಳಿದ್ದೇ ಎಲ್ಲದಕ್ಕೂ ಮೂಲವಾಯಿತು.

ಕಾರ್ಯದರ್ಶಿ ನಾಲ್ಕನೆಯ ಮಹಡಿಯವರು. ಅಳತೆ ಮತ್ತು ತೂಕದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಕ್ಕಡಿ ಬಿಟ್ಟು ಬಂದರೂ ಕಣ್ಣು ತೂಗುವುದನ್ನು ಬಿಟ್ಟಿರಲಿಲ್ಲ. ಅವರು ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಹಾಕುತ್ತಿದ್ದರು. ಆದ್ದರಿಂದ ಅವರ ಬೆನ್ನ ಹಿಂದೆ ಅವರ ಹೆಸರು ಕಡ್ಡಿಪೆಟ್ಟಿಗೆ. ಬೇಗ ಹೊತ್ತಿಕೊಳ್ಳುವ ಸ್ವಭಾವಕ್ಕೂ ಅದು ಒಪ್ಪುತ್ತಿತ್ತು. ಮನುಷ್ಯ ಬಿಡುವಿನ ವೇಳೆಯಲ್ಲಿ ಏನು ಮಾಡುತ್ತಾನೋ ಅದೇ ಅವನ ನಿಜವಾದ ತೂಕ ಎಂದು ಅವರ ಸಿದ್ಧಾಂತ. ಆ ಲೆಕ್ಕದಲ್ಲಿ ಇಸ್ತ್ರಿಯಕ್ಕನನ್ನು ತಕ್ಕಡಿಗೆ ಹಾಕಿದರೆ ಮುಳ್ಳು ಅಲುಗುತ್ತಿರಲಿಲ್ಲ. ಪ್ರತಿ ಸಂಜೆ ಮೆಟ್ಟಿಲಿಳಿದು ಬರುವಾಗ ಆ ಅಲುಗದ ಮುಳ್ಳು ಅವರ ಗಂಟಲಿಗೆ ಚುಚ್ಚುತ್ತಿತ್ತು.

ಹೀಗಾಗಿ ಹವ್ಯಾಸ ಸಂಘ ಹುಟ್ಟಿತು. ಕಾರ್ಯದರ್ಶಿ ಹಜಾರದಲ್ಲಿ ಸಭೆ ಕರೆದು ಘೋಷಿಸಿದರು: ಇನ್ನು ಮುಂದೆ ಈ ಹಜಾರವೇ ಹವ್ಯಾಸ ಮಂದಿರ. ಯಾರಿಗೆ ಯಾವ ಹವ್ಯಾಸವಿದೆಯೋ ಹೇಳಬೇಕು. ಹೇಳಿದವರಿಗೆ ಇಲ್ಲಿ ತಲಾ ಒಂದು ಜಾಗ. ಬರುವ ಭಾನುವಾರ ಸಂಜೆ ಎಲ್ಲರ ಹವ್ಯಾಸಗಳ ಪ್ರದರ್ಶನ, ನಗರಸಭೆಯ ಸಾಹೇಬರೇ ಮುಖ್ಯ ಅತಿಥಿ. ಹೊರಗಿನವರಿಗೆ ಪ್ರವೇಶವಿಲ್ಲ, ಯಾಕೆಂದರೆ ಬೆಂಕಿಪೊಟ್ಟಣದ ಚಿತ್ರಗಳು ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕವು.

"ಹವ್ಯಾಸ ಇಲ್ಲದೋರು?" ಎಂದು ಯಾರೋ ಹಿಂದಿನಿಂದ ಕೇಳಿದರು.

"ಅಂಥೋರು ಯಾರಿದಾರೆ?" ಎಂದು ಕಾರ್ಯದರ್ಶಿ ಯಾರ ಕಡೆಯೂ ನೋಡದೆ ಬೆಂಚಿನ ಕಡೆ ನೋಡಿದರು. "ಪ್ರದರ್ಶನ ಮುಗಿಯೋದ್ರೊಳಗೆ ಬೆಂಚಿಗೆ ಒಂದು ಹವ್ಯಾಸ ಸಿಕ್ಕಿದ್ರೆ ಸರಿ. ಇಲ್ದಿದ್ರೆ ಬೆಂಚು ಗುಜರಿಗೆ ಹೋಗುತ್ತೆ. ಆ ಜಾಗಕ್ಕೆ ಗಾಜಿನ ಬೀರು ಬರುತ್ತೆ."

ಗಾಜಿನ ಬೀರುವಿನಲ್ಲಿ ಏನಿರುತ್ತದೆ ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮರುದಿನ ಸಂಜೆ ಕಾರ್ಯದರ್ಶಿ ಸಂಧಾನಕ್ಕೆ ಬಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮುಖ.

"ನೋಡಿ ಇಸ್ತ್ರಿಯಕ್ಕ, ನನಗೆ ನಿಮ್ಮ ಮೇಲೆ ದ್ವೇಷ ಇಲ್ಲ. ಹೆಣಿಗೆ ಅಂತ ಒಂದು ಮಾತು ಹೇಳಿ. ಕೈಲಿ ಸೂಜಿ ಹಿಡ್ಕೊಂಡು ಕೂತ್ರೆ ಸಾಕು, ಹೆಣೀಬೇಕು ಅಂತಾನೂ ಇಲ್ಲ."

"ಸೂಜಿ ಹಿಡ್ಕೊಂಡ್ರೆ ಸೂಜಿ ಹಿಡ್ಕೊಂಡ ಹಾಗಾಗುತ್ತೆ. ಕೂತ ಹಾಗಾಗಲ್ಲ."

"ಧ್ಯಾನ ಅಂತ ಇಟ್ಕೊಳ್ಳೋಣ. ಗೌರವವಾಗಿರುತ್ತೆ."

"ಧ್ಯಾನದೋರು ಕಣ್ಣು ಮುಚ್ತಾರೆ. ನಾನು ಬಾಗಿಲು ನೋಡ್ತಿರ್ತೀನಿ."

"ಹಾಗಾದ್ರೆ ಜನರನ್ನ ಗಮನಿಸೋದು. ಅದೂ ಒಂದು ಹವ್ಯಾಸನೇ."

"ಬಂದ್ರೆ ಕಾಣ್ತಾರೆ. ಬರದಿದ್ರೆ ಇಲ್ಲ. ಅದಕ್ಕೆ ಅಂತ ನಾನು ಕೂತಿಲ್ಲ."

"ಮತ್ಯಾತಕ್ಕೆ ಕೂತಿದೀರಿ?" ಕಡ್ಡಿಪೆಟ್ಟಿಗೆ ಗೀರಿಕೊಂಡಿತು.

"ಕಾರ್ಯದರ್ಶಿಗಳೇ, ನೀವು ಬೆಳಕಿಗೆ ಅಡ್ಡ ನಿಂತಿದೀರಿ."

ಬೆಳಕು ಮತ್ತೆ ಬಂತು. ಆದರೆ ಅಂದಿನಿಂದ ಮುತ್ತಿಗೆ ಶುರುವಾಯಿತು. ಹಜಾರದಲ್ಲಿ ಮೇಜುಗಳು ಇಳಿದವು. ಅಂಚೆ ಪೆಟ್ಟಿಗೆಗಳ ಸಾಲಿನ ಕೆಳಗೆ ಒಬ್ಬರು ಬಣ್ಣದ ಡಬ್ಬಿ ಇಟ್ಟರು, ಇನ್ನೊಬ್ಬರು ಬೆಂಚಿನ ಕಾಲಿಗೇ ಗಾಳಿಪಟದ ದಾರ ಕಟ್ಟಿ ಒಣಗಿಸಿದರು. ಇಡೀ ಕಟ್ಟಡಕ್ಕೆ ಹವ್ಯಾಸದ ಜ್ವರ ಹಿಡಿದಿತ್ತು. ಜನ್ಮದಲ್ಲಿ ಕೈಯಲ್ಲಿ ಕತ್ತರಿ ಹಿಡಿಯದವರು ಕಾಗದದ ಹೂ ಕತ್ತರಿಸಿದರು. ಮೊದಲ ಮಹಡಿಯ ಕಟುಕ ತನಗೆ ಮೊದಲಿನಿಂದಲೂ ಕಸೂತಿಯ ಮೇಲೆ ಪ್ರಾಣ ಎಂದು ಒಪ್ಪಿಕೊಂಡ. ಅಂದು ಅವನ ಹೆಂಡತಿಗೆ ತನ್ನ ದಿಂಬಿನ ಚೀಲಗಳ ಮೇಲೆ ಹೂ ಅರಳುತ್ತಿದ್ದ ರಹಸ್ಯ ತಿಳಿಯಿತು.

ಮನೆಯೊಳಗೂ ನೆಮ್ಮದಿಯಿರಲಿಲ್ಲ. ಊಟದ ಮೇಜಿನ ಮುಕ್ಕಾಲು ಪಾಲು ಕೇಕಿನ ಅಚ್ಚುಗಳು ಹರಡಿದ್ದವು. ಉಳಿದ ಮೂಲೆಯಲ್ಲಿ ಮೂವರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

"ಅತ್ತಿಗೆ, ಎಲ್ಲರೂ ನನ್ನ ಕೇಳ್ತಾರೆ, ನಿಮ್ಮತ್ತಿಗೆಗೆ ಏನಾಗಿದೆ ಅಂತ. ಒಂದು ಸುಳ್ಳು ಹೇಳಿಬಿಡಿ. ನಾಲಿಗೆ ಏನು ಬಿದ್ದುಹೋಗಲ್ಲ."

"ಸುಳ್ಳು ಹೇಳೋದು ಸುಲಭ ಕಣಮ್ಮ. ಆಮೇಲೆ ದಿನಾ ಸಂಜೆ ಅದನ್ನ ಮಾಡ್ತಾ ಕೂರ್ಬೇಕಲ್ಲ."

"ಅಕ್ಕ, ನನ್ನ ಜೊತೆ ಮೀನು ಹಿಡಿಯೋಕೆ ಬಾ," ಎಂದ ತಮ್ಮ, ಇಬ್ಬರ ನಡುವೆ ಸಿಕ್ಕಿಕೊಂಡವನ ದನಿಯಲ್ಲಿ. "ಕಷ್ಟ ಏನಿಲ್ಲ. ನಾನೂ ಇವತ್ತಿನ ತನಕ ಒಂದು ಮೀನು ಹಿಡಿದಿಲ್ಲ."

"ನೀನು ಸುಮ್ನೆ ಕೂರೋಕೆ ಗಾಳ ಹಿಡ್ಕೊಂಡು ಹೋಗ್ತೀಯ. ನನಗೆ ಗಾಳ ಬೇಡ. ಅಷ್ಟೇ ವ್ಯತ್ಯಾಸ."

ತಮ್ಮ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷ ಅವಳಿಂದ ಮುಚ್ಚಿಟ್ಟಿದ್ದ ಸತ್ಯ ಅಕ್ಕನ ಬಾಯಲ್ಲಿ ಉಪ್ಪು ಕೇಳಿದಷ್ಟು ಸಲೀಸಾಗಿ ಬಂದುಬಿಟ್ಟಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಶುಕ್ರವಾರ. ಭೂಗೋಳದ ಮೇಷ್ಟ್ರು ಪೇಪರಿಲ್ಲದೆ ಕೆಳಗಿಳಿದು ಬಂದರು. ಕಂಕುಳಲ್ಲಿ ಒಂದು ರಟ್ಟಿನ ಹಲಗೆ, ಅದರ ಮೇಲೆ ಹಳೆಯ ಪೇಪರುಗಳನ್ನು ನೆನೆಸಿ ಮಾಡಿದ ಬೆಟ್ಟಗಳು. ಅವರು ಬೆಂಚಿನ ಕಡೆ ಬರದೆ ಎದುರಿನ ಮೇಜಿಗೆ ಹೋದರು.

"ನೀವೂನಾ ಮೇಷ್ಟ್ರೇ?"

"ಬೆಂಚು ಹೋದ್ರೆ ನನಗೆ ಕೂರೋಕೆ ಒಂದು ಜಾಗ ಬೇಕಲ್ಲಮ್ಮ." ಮೇಷ್ಟ್ರು ಬೆಟ್ಟಗಳ ಕಡೆ ನೋಡುತ್ತಾ ಹೇಳಿದರು. "ಮನೇಲಿ ಗೋಡೆ ಬಿಟ್ರೆ ಯಾರಿದಾರೆ?"

"ಪ್ರಪಂಚದ ಸುದ್ದಿ ಏನಾಯ್ತು?"

"ಅದರಲ್ಲೇ ಬೆಟ್ಟ ಮಾಡಿದ್ದು."

ಅವಳು ಬಯ್ಯಲಿಲ್ಲ. ಆ ಸಂಜೆ ಬೆಂಚಿನ ಮೇಲೆ ಒಬ್ಬಳೇ ಕೂತಳು. ಚಪ್ಪಲಿ ಕಳಚಿ ಕಾಲು ಚಾಚಿದಳು. ಪಕ್ಕದ ಖಾಲಿ ಜಾಗದ ಮೇಲೆ ಕೈಯಾಡಿಸಿದಳು. ಎಷ್ಟೋ ಜನರ ಬೆನ್ನು ಉಜ್ಜಿ ಉಜ್ಜಿ ಆ ಮರ ಅವಳು ಇಸ್ತ್ರಿ ಹಾಕಿದ ಕೋಟಿಗಿಂತ ನುಣುಪಾಗಿತ್ತು. ಆಸ್ಪತ್ರೆಯಲ್ಲಿ ಮೇಜಿನ ಮೇಲೆ ಬಟ್ಟೆ ಕಾಯುತ್ತಿರುತ್ತದೆ. ಮನೆಯಲ್ಲಿ ಕೂತರೆ ಯಾರಾದರೂ ಏನಾದರೂ ಕೇಳುತ್ತಾರೆ: ಅಕ್ಕ ಕತ್ತರಿ ಎಲ್ಲಿ, ಅತ್ತಿಗೆ ಒಲೆ ಸ್ವಲ್ಪ ನೋಡ್ತೀರಾ. ಇಡೀ ಊರಿನಲ್ಲಿ ಅವಳಿಂದ ಏನನ್ನೂ ಕೇಳದ ಜಾಗ ಈ ಎರಡಾಳು ಅಗಲದ ಮರದ ತುಂಡೊಂದೇ. ಭಾನುವಾರದ ನಂತರ ಅದೂ ಇರುವುದಿಲ್ಲ. ಒಂದು ಪದ ಹೇಳಿದರೆ ಸಾಕು, ಉಳಿಯುತ್ತದೆ. ಹೆಣಿಗೆ. ಧ್ಯಾನ. ಅವಳು ಆ ಪದಗಳನ್ನು ಬಾಯೊಳಗೆ ಹೊರಳಿಸಿ ನೋಡಿದಳು, ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ. ಹಾಗೆ ಉಳಿದ ಬೆಂಚು ಅವಳಿಂದ ದಿನಾ ಏನೋ ಒಂದು ಕೇಳುತ್ತದೆ. ಅದಕ್ಕಿಂತ ಗುಜರಿಯೇ ಮೇಲು ಎಂದುಕೊಂಡು ಊಟಕ್ಕೆ ಎದ್ದಳು.

ಭಾನುವಾರ ಬಂತು. ಹಜಾರಕ್ಕೆ ಬಣ್ಣದ ಕಾಗದದ ತೋರಣ, ಬೆಂಚಿಗೆ ಅಡ್ಡಲಾಗಿ ಕೆಂಪು ಪಟ್ಟಿ. ಮೇಜುಗಳು ಹಜಾರ ತುಂಬಿ, ಮೆಟ್ಟಿಲ ತಿರುವುಗಳನ್ನೆಲ್ಲ ಹತ್ತಿ, ತಾರಸಿಯ ಬಾಗಿಲ ತನಕ ಹೋಗಿದ್ದವು. ಪ್ರತಿ ಮೇಜಿನ ಹಿಂದೆ ಒಬ್ಬೊಬ್ಬರು ತಲೆ ಬಾಚಿಕೊಂಡು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಮುಖದಲ್ಲಿ ಮೊದಲೇ ಸಿದ್ಧಪಡಿಸಿದ ವಿನಯದೊಂದಿಗೆ ನಿಂತಿದ್ದರು. ಕಾರ್ಯದರ್ಶಿ ಗಂಟೆ ಬಾರಿಸಿದರು. ಪ್ರದರ್ಶನ ಆರಂಭವಾಯಿತು.

ಯಾರೂ ಬರಲಿಲ್ಲ.

ಮೊದಲು ಜನ ಕಾದರು. ಆಮೇಲೆ ಕತ್ತು ಹೊರಳಿಸಿ ಅತ್ತಿತ್ತ ನೋಡಿದರು. ಆಗ ಆ ಕಟ್ಟಡಕ್ಕೆ ತನ್ನ ಮೂರ್ಖತನ ಮೆಲ್ಲಗೆ, ಮಹಡಿ ಮಹಡಿಯಾಗಿ ಅರ್ಥವಾಯಿತು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು? ಎಲ್ಲರೂ ಮೇಜಿನ ಹಿಂದೆ ನಿಂತರೆ ಮುಂದೆ ಬರುವವರು ಯಾರು? ಹೊರಗಿನವರಿಗೆ ಪ್ರವೇಶವಿಲ್ಲ. ಒಳಗಿನವರಲ್ಲಿ ಹವ್ಯಾಸವಿಲ್ಲದವರು ಇಲ್ಲ. ಪಕ್ಕದವರ ಮೇಜು ನೋಡಿ ಬರೋಣವೆಂದರೆ ತನ್ನ ಮೇಜು ಬಿಟ್ಟು ಹೋಗಬೇಕು. ಹೋದ ಗಳಿಗೆಯಲ್ಲೇ ಯಾರಾದರೂ ನೋಡಲು ಬಂದುಬಿಟ್ಟರೆ? ಕಟುಕ ತನ್ನ ಕಸೂತಿಯನ್ನು ಎಡಕ್ಕೆ ಸರಿಸಿದ, ಮತ್ತೆ ಬಲಕ್ಕೆ ಸರಿಸಿದ. ತಮ್ಮನ ಹೆಂಡತಿಯ ಕೇಕಿನ ಬೆಣ್ಣೆ ಕರಗತೊಡಗಿತು.

ಅಷ್ಟರಲ್ಲಿ ಮುಖ್ಯ ಅತಿಥಿ ಬಂದರು. ನಗರಸಭೆಯ ಸಾಹೇಬರು, ಗುಂಡಗಿನ ಹಸನ್ಮುಖಿ. ಇಡೀ ಹಜಾರಕ್ಕೆ ಜೀವ ಬಂತು, ಎಲ್ಲ ಮೇಜುಗಳೂ ಒಂದು ಗೇಣು ಮುಂದೆ ಬಂದವು. ಸಾಹೇಬರು ಸುತ್ತ ನೋಡಿ, ಕಾರ್ಯದರ್ಶಿಯ ಕಿವಿಯಲ್ಲಿ ಕೇಳಿದರು:

"ನನ್ನ ಮೇಜು ಎಲ್ಲಿ?"

"ತಮ್ಮದಾ ಸಾರ್?"

"ನಾನು ಹಕ್ಕಿಗಳ ಕೂಗು ಕೂಗ್ತೀನಲ್ಲ. ಹವ್ಯಾಸ ಪ್ರದರ್ಶನ ಅಂದ್ರಲ್ಲ, ಅದಕ್ಕೇ ಬಂದೆ. ಇಲ್ದಿದ್ರೆ ಭಾನುವಾರ ಯಾರು ಬರ್ತಾರೆ?"

ಅವರಿಗೂ ಒಂದು ಮೇಜು ಹಾಕಲಾಯಿತು. ಮೇಜಿನ ಹಿಂದೆ ನಿಂತು ಸಾಹೇಬರೂ ಎಲ್ಲರ ಜೊತೆ ಕಾಯತೊಡಗಿದರು.

ಈ ಹೊತ್ತಿಗೆ ಬೀದಿಬಾಗಿಲು ತೆರೆಯಿತು. ಆ ಭಾನುವಾರ ಇಸ್ತ್ರಿ ಕೋಣೆಯಲ್ಲಿ ಅವಳದೇ ಪಾಳಿ. ಕೆಲಸ ಮುಗಿಸಿ ಬಂದ ಇಸ್ತ್ರಿಯಕ್ಕ ತೋರಣವನ್ನು ನೋಡಲಿಲ್ಲ, ಸಾಹೇಬರನ್ನು ನೋಡಲಿಲ್ಲ. ನೇರ ಬೆಂಚಿನ ಹತ್ತಿರ ಹೋದಳು. ಕೆಂಪು ಪಟ್ಟಿಯನ್ನು ಎತ್ತಿ ಹಿಂದಕ್ಕೆ ಹಾಕಿ, ಕೂತಳು.

ಕಾರ್ಯದರ್ಶಿ ಒಂದು ಹೆಜ್ಜೆ ಮುಂದಿಟ್ಟರು. ಆದರೆ ಅವರಿಗಿಂತ ಮೊದಲು ತಮ್ಮನ ಹೆಂಡತಿ ಮುಂದೆ ಬಂದಿದ್ದಳು, ಎರಡು ಕೈಯಲ್ಲೂ ಕೇಕಿನ ಹಲಗೆ ಹಿಡಿದುಕೊಂಡು. ಮಾನ, ಮುನಿಸು, ಮೀನಿನ ಕಣ್ಣು ಎಲ್ಲವನ್ನೂ ಅವಳು ಮೇಜಿನ ಹಿಂದೆಯೇ ಬಿಟ್ಟು ಬಂದಿದ್ದಳು.

"ಅತ್ತಿಗೆ, ನೀವು ಬಿಡುವಾಗಿದೀರಲ್ಲ. ಒಂದ್ಸಲ ನೋಡ್ತೀರಾ?"

ಇಸ್ತ್ರಿಯಕ್ಕ ನೋಡಿದಳು. "ಇದೇನು?"

"ಆಸ್ಪತ್ರೆ. ನಿಮ್ಮ ಆಸ್ಪತ್ರೆ."

"ಕಿಟಕಿ ಜಾಸ್ತಿ ಇಟ್ಟಿದೀಯ. ನಮ್ಮ ಕೋಣೆಗೆ ಒಂದೂ ಇಲ್ಲ." ಅವಳು ಮೂಲೆಯ ಗೋಡೆಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. "ರುಚಿಯಾಗಿದೆ."

ಮದುವೆಯಾಗಿ ಬಂದ ಮೇಲೆ ಆ ಪದವನ್ನು ತಮ್ಮನ ಹೆಂಡತಿ ಆ ಬಾಯಿಂದ ಕೇಳಿದ್ದು ಅದೇ ಮೊದಲು. ಅವಳ ಕಣ್ಣು ತುಂಬಿತು, ಹಲಗೆ ಓಲಿತು, ಆಸ್ಪತ್ರೆಯ ಇಡೀ ಹೆರಿಗೆ ವಾರ್ಡು ಕುಸಿಯಿತು. ಯಾರೂ ಲೆಕ್ಕಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವಳ ಹಿಂದೆ ಸಾಲು ನಿಂತಾಗಿತ್ತು.

ಕಟುಕ ಕಸೂತಿ ತಂದ. "ಹಿಂಬದಿ ತೋರಿಸಪ್ಪ," ಎಂದಳು. ತಿರುಗಿಸಿದ. "ಎಷ್ಟು ಗಂಟು ಹಾಕಿದೀಯ. ಕುರಿ ಕಟ್ಟೋ ಗಂಟು ಇದು. ಮುಂದೆ ಮಾತ್ರ ಗುಲಾಬಿ." ಕಟುಕ ನಾಚಿಕೊಂಡು ನಕ್ಕ. ಕಾಗದದ ಹೂವಿನವರಿಗೆ, "ನೀರು ಹಾಕೋದು ಒಂದು ತಪ್ಪಿತು ನಿಮಗೆ," ಎಂದಳು. ಮೇಷ್ಟ್ರು ರಟ್ಟಿನ ಹಲಗೆ ಹಿಡಿದುಕೊಂಡು, ಶಿಕ್ಷೆಗೆ ನಿಂತ ಹುಡುಗನ ಹಾಗೆ ತಲೆ ತಗ್ಗಿಸಿ ಬಂದರು. ಅವಳು ಬೆಟ್ಟಗಳ ಮೇಲೆ ಬೆರಳಾಡಿಸಿದಳು.

"ಸುಕ್ಕು ಚೆನ್ನಾಗಿ ಬಿದ್ದಿದೆ ಮೇಷ್ಟ್ರೇ. ಬೆಟ್ಟ ಅಂದ್ರೆ ಹೀಗಿರ್ಬೇಕು. ಇಲ್ಲೇನೋ ಅಕ್ಷರ ಕಾಣ್ತಿದೆ?"

"ಅದು ಆ ಗಡಿ ಜಗಳ ಕಣಮ್ಮ. ಮತ್ತೆ ಶುರುವಾಗಿದೆ."

"ನಾನು ಹೇಳಿರ್ಲಿಲ್ವಾ?"

ಸಾಹೇಬರೂ ಸಾಲಿನಲ್ಲಿ ಬಂದರು. ಕೈ ಬಾಯಿಗೆ ಹಿಡಿದು, ಕೆನ್ನೆ ಉಬ್ಬಿಸಿ, ಹಜಾರ ನಡುಗುವಂತೆ ಒಂದು ಕೂಗು ಹಾಕಿದರು.

"ಇದು ಯಾವ ಹಕ್ಕಿ ಹೇಳಿ ನೋಡೋಣ?"

"ಯಾವುದೇ ಇರ್ಲಿ ಸಾರ್, ಅದಕ್ಕೆ ನೆಗಡಿಯಾಗಿದೆ."

ಮೆಟ್ಟಿಲ ಮೇಲಿನ ಸಾಲು ನಕ್ಕಿತು. ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು. ಹಕ್ಕಿಯ ಕೂಗು ಕೂಗುವವನಿಗೆ ಅಷ್ಟು ಗಮನವಿಟ್ಟು ಕೇಳುವ ಕಿವಿ ಎಲ್ಲಿ ಸಿಗುತ್ತದೆ?

ಸಾಲಿನ ಕೊನೆಯಲ್ಲಿ ಕಾರ್ಯದರ್ಶಿ ಇದ್ದರು. ಬಂದರೋ ಬರಲಿಲ್ಲವೋ ಎಂಬಂತೆ ಬಂದಿದ್ದರು. ಎದೆಗೆ ಒತ್ತಿ ಹಿಡಿದ ದಪ್ಪ ಆಲ್ಬಮ್ಮು. ಇಷ್ಟು ವರ್ಷ ಆ ಚಿತ್ರಗಳನ್ನು ಅವರು ಅಂಟಿಸಿದ್ದರು, ಒರೆಸಿದ್ದರು, ಬೀಗ ಹಾಕಿದ್ದರು. ಇನ್ನೊಬ್ಬ ಮನುಷ್ಯ ಅವನ್ನು ಒಂದೊಂದಾಗಿ ನೋಡಿದ್ದು ಒಮ್ಮೆಯೂ ಇಲ್ಲ. ಗಾಜಿನ ಬೀರು ಬೇಕಾಗಿದ್ದದ್ದೂ ಅದಕ್ಕೇ.

ಇಸ್ತ್ರಿಯಕ್ಕ ಅವರ ಮುಖ ನೋಡಿದಳು. ಆಮೇಲೆ ಚಪ್ಪಲಿಗೆ ಕಾಲು ತೂರಿಸಿದಳು.

"ಬೆಂಚು ಹೊರಗೆ ಹಾಕ್ಬೇಕಲ್ಲ ಕಾರ್ಯದರ್ಶಿಗಳೇ. ಪ್ರದರ್ಶನ ಮುಗೀತು. ನನಗಂತೂ ಯಾವ ಹವ್ಯಾಸವೂ ಹುಟ್ಟಲಿಲ್ಲ. ಏಳ್ಲಾ?"

"ಏಳ್ಬೇಡಿ" ಎಂದು ಹಿಂದಿನಿಂದ ಎಷ್ಟೋ ದನಿಗಳು ಒಟ್ಟಿಗೆ ಬಂದವು. ಅವುಗಳಲ್ಲಿ ಮೇಷ್ಟ್ರ ದನಿ ಎಲ್ಲಕ್ಕಿಂತ ಮುಂದಿತ್ತು.

ಕಾರ್ಯದರ್ಶಿ ಆಲ್ಬಮ್ಮನ್ನೂ ಬೆಂಚನ್ನೂ ಮನಸ್ಸಿನಲ್ಲೇ ತೂಗಿದರು.

"ಕೂತಿರಿ," ಎಂದರು, ತಮಗೇ ಕೇಳಿಸದಷ್ಟು ಮೆಲ್ಲಗೆ.

"ಇವತ್ತೊಂದು ದಿನಕ್ಕಾ?"

"ಯಾವಾಗ್ಲೂ."

"ಹವ್ಯಾಸ ಇಲ್ದೆ?"

"ಪ್ರೇಕ್ಷಕಿ ಅಂತ ಒಂದು ಹೆಸರು ಇಟ್ಕೊಂಡ್ರೆ..."

ಅವಳು ಎದ್ದು ನಿಂತಳು.

"ಇಲ್ದೆ," ಎಂದರು ಕಾರ್ಯದರ್ಶಿ. "ಹವ್ಯಾಸ ಇಲ್ದೆ. ಏನೂ ಇಲ್ದೆ. ಕೂತ್ಕೊಳ್ಳಿ."

ಅವಳು ಕೂತಳು. ಚಪ್ಪಲಿ ಮತ್ತೆ ಕಳಚಿದಳು. ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ಶುರುಮಾಡಿ, ಹುಲಿ, ಹಡಗು, ದೀಪಸ್ತಂಭ, ಮತ್ತೆ ಹುಲಿ, ಒಂದನ್ನೂ ಬಿಡದೆ ನೋಡಿದಳು. "ಈ ಹುಲಿಗೆ ಹೊಟ್ಟೆ ತುಂಬಿದೆ. ಆ ಹುಲಿಗಿಲ್ಲ," ಎಂದಳು. ಕಾರ್ಯದರ್ಶಿ ಬಗ್ಗಿ ನೋಡಿದರು. ಇಷ್ಟು ವರ್ಷ ಎರಡೂ ಒಂದೇ ಹುಲಿ ಎಂದುಕೊಂಡಿದ್ದರು. ಅವರು ಯಾವಾಗ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರೋ ಅವರಿಗೇ ತಿಳಿಯಲಿಲ್ಲ.

ಕೊನೆಗೆ ಸಾಹೇಬರು ಭಾಷಣಕ್ಕೆ ನಿಂತರು. ಹವ್ಯಾಸಗಳ ಮಹತ್ವದ ಬಗ್ಗೆ ತಯಾರಿ ಮಾಡಿಕೊಂಡು ಬಂದಿದ್ದ ಮಾತನ್ನು ಜೇಬಿನಲ್ಲೇ ಬಿಟ್ಟು, ಬೆಂಚಿನ ಬಗ್ಗೆ ಮಾತಾಡಿದರು. ಓಡುವ ಜಗತ್ತಿನಲ್ಲಿ ಕೂರುವುದೇ ಒಂದು ಬಂಡಾಯ ಎಂದರು. ಪ್ರಪಂಚದ ನಾಯಕರೆಲ್ಲ ಈ ತಾಯಿಯ ಹಾಗೆ ಒಂದು ಗಳಿಗೆ ಸುಮ್ಮನೆ ಕೂತಿದ್ದರೆ ಅರ್ಧ ಯುದ್ಧಗಳು ಹುಟ್ಟುತ್ತಲೇ ಇರಲಿಲ್ಲ ಎಂದರು. ಇದು ಯೋಗವೋ, ಪ್ರತಿಭಟನೆಯೋ, ಬದುಕಿನ ದೊಡ್ಡ ತತ್ತ್ವವೋ ಎಂದು ಅಚ್ಚರಿಪಟ್ಟರು. ಮೊದಲ ಮಹಡಿಯವರು ತಲೆದೂಗಿದರು. ಐದನೆಯ ಮಹಡಿಯವರಂತೂ ಆಗಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಾಹೇಬರು ಬೆಂಚಿನ ಕಡೆ ತಿರುಗಿ, ಕೈ ಜೋಡಿಸಿ ಕೇಳಿದರು:

"ನೀವೇ ಹೇಳಿ ತಾಯಿ. ಹೀಗೆ ದಿನಾ ಕೂರೋದರ ಹಿಂದಿನ ಗುಟ್ಟೇನು?"

ಐದು ಮಹಡಿಗಳೂ ಉಸಿರು ಬಿಗಿಹಿಡಿದವು. ಮೇಲಿನವರು ಕೆಳಗಿನವರ ಹೆಗಲ ಮೇಲೆ ಬಗ್ಗಿದರು. ಕಾರ್ಯದರ್ಶಿ ಆಲ್ಬಮ್ಮು ಮುಚ್ಚಿ ಕಿವಿಗೊಟ್ಟರು.

ಇಸ್ತ್ರಿಯಕ್ಕ ಸಾಹೇಬರನ್ನು ಸ್ವಲ್ಪ ಕನಿಕರದಿಂದ ನೋಡಿದಳು.

"ಬೆಳಗ್ಗಿಂದ ನಿಂತೇ ಇರ್ತೀನಲ್ಲ ಸಾರ್," ಎಂದಳು. "ಕಾಲು ನೋಯುತ್ತೆ."